ಕೇಳಿದರೂ ಸರಿ, ಬಿಟ್ಟರೂ ಸರಿ

ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ನಿಂತು ‘ಇತ್ತ ಗಮನ ಕೊಡಿ’ ಎಂದು ಹೇಳುವುದೇ ನನ್ನ ಕಸುಬು. ಅಂಥವನ ಕೈಗೆ ಕಳೆದ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಪೆನ್‌ಡ್ರೈವ್ ಒಂದನ್ನು ಕೊಟ್ಟು, “ಸ್ವಲ್ಪ ಸಂಗೀತವಿದೆ, ಕೇಳಿ ನೋಡಿ ಸಾರ್. ಆದರೆ ಗಮನವಿಟ್ಟು ಕೇಳಬೇಡಿ” ಎಂದ. ಹುಡುಗ ಹಾಸ್ಯ ಮಾಡುತ್ತಿದ್ದಾನೆಂದುಕೊಂಡೆ. ಹಾಸ್ಯವಲ್ಲ; ಆ ಸಂಗೀತದ ಶಾಸ್ತ್ರವೇ ಅಂಥದು. ಇಂಗ್ಲೆಂಡಿನ ಬ್ರಯನ್ ಈನೋ 1978ರಲ್ಲಿ ತನ್ನ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಎಂಬ ಧ್ವನಿಮುದ್ರಿಕೆಯ ಹೊದಿಕೆಗೆ ಬರೆದ ಟಿಪ್ಪಣಿಯಲ್ಲಿ ಇದನ್ನು ‘ಆ್ಯಂಬಿಯೆಂಟ್’ ಸಂಗೀತವೆಂದು ಕರೆದಿದ್ದಾನೆ. ಅದು ಎಷ್ಟು ಆಸಕ್ತಿ ಹುಟ್ಟಿಸುವುದೋ ಅಷ್ಟೇ ಕಡೆಗಣಿಸಲೂ ಬರುವಂತಿರಬೇಕು ಎಂಬುದು ಅವನ ಮಾತಿನ ಸಾರಾಂಶ. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ, ಕೇಳಿದರೂ ಸರಿ, ಬಿಟ್ಟರೂ ಸರಿ. ಕನ್ನಡದಲ್ಲಿ ಇದನ್ನು ಏನೆನ್ನಬೇಕು? ಹಿನ್ನೆಲೆ ಸಂಗೀತವೆಂದರೆ ಸಿನಿಮಾದ ಮಾತಾಗುತ್ತದೆ. ಸದ್ಯಕ್ಕೆ ‘ಆವರಣ ಸಂಗೀತ’ ಎಂದಿಟ್ಟುಕೊಳ್ಳೋಣ. ಬಲ್ಲವರು ಇದಕ್ಕಿಂತ ಒಳ್ಳೆಯ ಹೆಸರು ಸೂಚಿಸಿದರೆ ಸಂತೋಷ.

ನನಗೆ ಇದು ಬರಿಯ ಹೆಸರಿನ ತೊಡಕಲ್ಲ. ಬಿಟ್ಟರೂ ಸರಿ ಎಂದು ತಾನೇ ಹೇಳಿಕೊಳ್ಳುವ ಕೃತಿಯನ್ನು ವಿಮರ್ಶಿಸುವುದು ಹೇಗೆ? ‘ನನ್ನ ಮನಸ್ಸು ಅದರಲ್ಲಿ ನಿಲ್ಲಲಿಲ್ಲ’ ಎಂದು ಆಕ್ಷೇಪಿಸಿದರೆ, ‘ನಿಲ್ಲಬೇಕೆಂದು ಯಾರು ಹೇಳಿದರು?’ ಎಂಬ ಉತ್ತರ ಸಿದ್ಧವಾಗಿದೆ. ಸೋಲಲಾರದ ಕೃತಿಗೆ ಗೆಲ್ಲುವ ಹಕ್ಕೂ ಇರಲಾರದೆಂದು ನಾನು ನಂಬಿದವನು.

ಈ ಕಲ್ಪನೆ ಈನೋವಿಗೆ ಹೊಳೆದ ಬಗೆ ಸ್ವಾರಸ್ಯವಾಗಿದೆ. 1975ರ ಆರಂಭದಲ್ಲಿ ಅವನು ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಿದ್ದ. ನೋಡಲು ಬಂದ ಗೆಳತಿ ಹದಿನೆಂಟನೆಯ ಶತಮಾನದ ಹಾರ್ಪ್ ವಾದನದ ತಟ್ಟೆಯೊಂದನ್ನು ಕೊಟ್ಟು ಹೋದಳು. ಅದನ್ನು ಹೇಗೋ ಹಚ್ಚಿ ಮಲಗಿದ ಮೇಲೆ ದನಿ ತೀರ ಸಣ್ಣದಾಗಿದೆಯೆಂದೂ, ಒಂದು ಕಡೆಯ ಸ್ಪೀಕರು ಕೆಲಸ ಮಾಡುತ್ತಿಲ್ಲವೆಂದೂ ತಿಳಿಯಿತು. ಎದ್ದು ಸರಿಪಡಿಸಲು ತ್ರಾಣವಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನ ನಡುವೆ ಆಗೊಂದು ಈಗೊಂದು ಸ್ವರ ಮೇಲೆದ್ದು ಮುಳುಗುತ್ತಿತ್ತು. ಕೋಣೆಯ ಬೆಳಕಿನಂತೆ ಸಂಗೀತವೂ ಸುಮ್ಮನೆ ಇರಬಹುದಲ್ಲ ಎಂದು ಅವನಿಗೆ ತೋರಿದ್ದು ಆಗ. ಅದೇ ವರ್ಷ ‘ಡಿಸ್ಕ್ರೀಟ್ ಮ್ಯೂಸಿಕ್’ ಹೊರಬಂತು. ಹಾಗೆಂದು ಇವನೇ ಮೊದಲಿಗನಲ್ಲ. ಫ್ರಾನ್ಸಿನ ಎರಿಕ್ ಸಾತೀ 1917ರಲ್ಲಿಯೇ ಮೇಜು ಕುರ್ಚಿಯಂತೆ ಮನೆಯಲ್ಲಿ ಬಿದ್ದಿರಬೇಕಾದ ಸಂಗೀತವನ್ನು ಬರೆದಿದ್ದ. 1920ರಲ್ಲಿ ಪ್ಯಾರಿಸಿನಲ್ಲಿ ನಾಟಕದ ಬಿಡುವಿನ ವೇಳೆ ಅಂಥದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳುತ್ತ ಕುಳಿತುಬಿಟ್ಟರಂತೆ, ‘ಮಾತನಾಡಿ, ಓಡಾಡಿ!’ ಎಂದು ಸಾತೀ ಕೂಗಾಡಬೇಕಾಯಿತೆಂದು ಜೊತೆಯಲ್ಲಿದ್ದ ದಾರಿಯುಸ್ ಮಿಯೋ ಬರೆದಿಟ್ಟಿದ್ದಾನೆ. ಕಿವಿಯ ಸ್ವಭಾವವೇ ಅಂಥದು: ಕೇಳಬೇಡವೆಂದರೆ ಕೇಳುತ್ತದೆ.

ನಾನೂ ಮೊದಲ ದಿನ ಅದೇ ತಪ್ಪು ಮಾಡಿದೆ. ಕಚೇರಿಗೆ ಕುಳಿತವನಂತೆ ನೆಟ್ಟಗೆ ಕುಳಿತು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಈನೋವಿನ ‘ಏರ್‌ಪೋರ್ಟ್ಸ್’ ಹಾಕಿದೆ. ಮೊದಲ ಭಾಗದಲ್ಲಿ ರಾಬರ್ಟ್ ವಯಟ್ ಎಂಬಾತ ನುಡಿಸಿದ ಪಿಯಾನೋದ ಕೆಲವೇ ಸ್ವರಗಳು. ಅವೇ ಮತ್ತೆ ಮತ್ತೆ ಬರುತ್ತವೆ. ಹದಿನೇಳು ನಿಮಿಷದಷ್ಟು ಹೊತ್ತು ಅಷ್ಟೆ. ಹತ್ತನೆಯ ನಿಮಿಷಕ್ಕೆ ನನ್ನ ಪುಸ್ತಕದಲ್ಲಿದ್ದುದು ‘ಮುಂದೇನು?’ ಎಂಬ ಒಂದೇ ಮಾತು. ಮಾರನೆಯ ದಿನ ಉತ್ತರಪತ್ರಿಕೆಗಳನ್ನು ತಿದ್ದುತ್ತ ಮತ್ತೆ ಹಾಕಿದೆ. ಈ ಸಲ ಎರಡನೆಯ ಭಾಗ ಬಂದಾಗ ಕೆಂಪು ಪೆನ್ನು ತಾನಾಗಿ ನಿಂತಿತು. ಮಾತಿಲ್ಲದ ಹೆಂಗಸರ ದನಿಗಳು. ಒಂದು ಎದ್ದು ಆರುವಷ್ಟರಲ್ಲಿ ಇನ್ನೊಂದು, ಒಮ್ಮೊಮ್ಮೆ ಎರಡು ಒಟ್ಟಿಗೆ, ಮತ್ತೆ ಬಹಳ ಹೊತ್ತು ಏನೂ ಇಲ್ಲ. ಯಾರೋ ಆಲೋಚಿಸಿ ಜೋಡಿಸಿದ್ದಾರೆಂದು ತೋರುತ್ತದೆ; ಆದರೆ ಯಾರೂ ಜೋಡಿಸಿಲ್ಲ.

ಇದರ ರಚನೆಯ ಗುಟ್ಟನ್ನು ಈನೋ 1996ರ ಭಾಷಣವೊಂದರಲ್ಲಿ ಬಿಚ್ಚಿ ಹೇಳಿದ್ದಾನೆ. ಒಂದೊಂದು ಸ್ವರವನ್ನು ಒಂದೊಂದು ಟೇಪಿನ ಮೇಲೆ ಹಿಡಿದು, ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿ, ಸ್ಟುಡಿಯೋದ ಕುರ್ಚಿಗಳ ಕೊಳವೆಕಾಲುಗಳ ಸುತ್ತ ಹಾಯಿಸಿ ಎಡೆಬಿಡದೆ ಓಡಿಸಿದ. ಒಂದು ಸುತ್ತಿಗೆ ಸುಮಾರು ಇಪ್ಪತ್ತಮೂರೂವರೆ ಸೆಕೆಂಡು; ಇನ್ನೊಂದಕ್ಕೆ 25⅞; ಮೂರನೆಯದಕ್ಕೆ ಮೂವತ್ತಕ್ಕೆ ಹದಿನಾರನೆಯ ಒಂದು ಪಾಲು ಕಡಿಮೆ. ಈ ಮೂರು ಮತ್ತೆ ಒಟ್ಟಿಗೆ ಸೇರುವುದೆಂದು? ಕಾಗದ ಪೆನ್ಸಿಲು ಹಿಡಿದು ಲಘುತಮ ಸಾಧಾರಣ ಅಪವರ್ತ್ಯ ತೆಗೆದೆ. ಆ ಅಂಕಿಗಳನ್ನು ಇದ್ದಂತೆಯೇ ಹಿಡಿದರೆ ಹತ್ತಿರ ಹತ್ತಿರ 27 ದಿನ! ಚಂದ್ರನು ಇಪ್ಪತ್ತೇಳು ನಕ್ಷತ್ರಗಳನ್ನು ಸುತ್ತಿ ಬರುವಷ್ಟು ಕಾಲ. ಧ್ವನಿಮುದ್ರಿಕೆಯಲ್ಲಿ ಆ ಭಾಗವಿರುವುದು ಹತ್ತು ನಿಮಿಷಕ್ಕೂ ಕಡಿಮೆ.

ನಮ್ಮವರಿಗೂ ಈ ಲೆಕ್ಕ ಹೊಸದಲ್ಲ. ತನಿ ಆವರ್ತನದಲ್ಲಿ ಮೃದಂಗದವರು ಆದಿತಾಳದ ಎಂಟಕ್ಕೆ ಐದರ, ಏಳರ ಲೆಕ್ಕಗಳನ್ನು ಎದುರುಬದುರು ಓಡಿಸುತ್ತಾರೆ. ಆದರೆ ಆ ಓಟವೆಲ್ಲ ಕೊನೆಗೆ ಬಂದು ಸೇರುವ ಎಡೆಗಾಗಿಯೇ. ಮುಕ್ತಾಯ ಸರಿಯಾಗಿ ಬಿದ್ದಾಗ ಸಭೆ ತಲೆದೂಗುತ್ತದಲ್ಲ, ಅದು ಮನೆಗೆ ಬಂದು ಸೇರಿದ ಸಂತೋಷ. ಈನೋ ಮನೆಯನ್ನು ಕೇಳುವವನ ಕಾಲಾವಧಿಯಿಂದ ಆಚೆಗೆ ಇಟ್ಟುಬಿಟ್ಟಿದ್ದಾನೆ. ಸಮ ಇದೆ, ನಮಗೆ ದಕ್ಕುವುದಿಲ್ಲ. ವಿಮಾನ ನಿಲ್ದಾಣದಲ್ಲಿ, ಕರೆ ಬರುವವರೆಗೆ ಕಾಯುತ್ತ ಕುಳಿತವನಿಗಾಗಿ ಮಾಡಿದ ಸಂಗೀತಕ್ಕೆ ಇದಕ್ಕಿಂತ ತಕ್ಕ ತಾಳವಿಲ್ಲ. ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದ ಒಂದು ಟರ್ಮಿನಲ್ಲಿನಲ್ಲಿ 1980ರಲ್ಲಿ ಅದನ್ನು ನಿಜವಾಗಿಯೂ ಕೇಳಿಸಿದರು. ಉಳಿದೆರಡು ಭಾಗಗಳ ಮಾತು ಬೇಡ. ಕೊನೆಯದಂತೂ ಬರಿಯ ಹೊಳಪು.

ಇಲ್ಲಿ ನನಗೆ ಅಭಿನವಗುಪ್ತನ ನೆನಪಾಯಿತು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ‘ಅಭಿನವಭಾರತಿ’ಯಲ್ಲಿ ಹೇಳುತ್ತಾನೆ. ಅವುಗಳಲ್ಲೊಂದು, ಪ್ರೇಕ್ಷಕನು ಮನೆಯಿಂದ ಹೊತ್ತು ತಂದ ತನ್ನದೇ ಸುಖದುಃಖಗಳಿಗೆ ವಶನಾಗಿರುವುದು. ಅಂಥವನ ಚಿತ್ತವನ್ನು ಬಿಡಿಸಲೆಂದೇ ರಂಗದಲ್ಲಿ ವಾದ್ಯ, ಗಾನ, ಚೆಲುವಾದ ಮಂಟಪ ಮೊದಲಾದುವನ್ನು ಇಟ್ಟಿರುವುದು. ಅವುಗಳಿಂದ ಅರಸಿಕನೂ ತಿಳಿಯಾಗಿ ಸಹೃದಯನಾಗುತ್ತಾನೆ. ನೋಡಿದಿರಾ! ತನ್ನತ್ತ ಸೆಳೆಯದೆ ಮನಸ್ಸನ್ನು ಹದಗೊಳಿಸುವ ಸಂಗೀತವೊಂದು ಉಂಟೆಂಬುದನ್ನು ನಮ್ಮ ಮೀಮಾಂಸೆ ಸಾವಿರ ವರ್ಷದ ಹಿಂದೆಯೇ ಒಪ್ಪಿದೆ. ವ್ಯತ್ಯಾಸವೆಂದರೆ, ಅಲ್ಲಿ ಆಮೇಲೆ ನಾಟಕವಿದೆ. ಇಲ್ಲಿ ಪರದೆ ಏಳುವುದೇ ಇಲ್ಲ. ಹದ ಮಾಡಿದ ಹೊಲದಲ್ಲಿ ಬಿತ್ತುವವರಿಲ್ಲ.

ಇದನ್ನು ಧಾರವಾಡದ ಕಡೆಯ ನನ್ನ ಸಹೋದ್ಯೋಗಿಯೊಬ್ಬರಿಗೆ ಕೇಳಿಸಿದೆ. ಎರಡು ನಿಮಿಷ ಕೇಳಿ, “ಇದರಾಗ ಹೊಸಾದೇನೈತ್ರಿ? ಹಾಡೋರಿಲ್ಲದ ತಂಬೂರಿ!” ಎಂದರು. ಮಾತಿನಲ್ಲಿ ಹುರುಳಿದೆ. ಪಂಡಿತ ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಬಂದುದು ಇದೇ ಘರಾಣೆ. ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಪ್ರಯೋಗಶೀಲ ಸಂಗೀತದ ಹಿರಿಯರಾದ ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ ಅವರ ಶಿಷ್ಯರಾಗಿ ಕುಳಿತರು. ಈನೋ ವಿದ್ಯಾರ್ಥಿದೆಸೆಯಲ್ಲೇ ಯಂಗನ ಕೃತಿಯನ್ನು ನುಡಿಸಿದವನು. ಆದರೆ ಯಂಗ್ ಪ್ರಾಣನಾಥರನ್ನು ಕಾಣುವುದಕ್ಕೆ ಎಷ್ಟೋ ಮೊದಲೇ ದೀರ್ಘಸ್ವರಗಳ ಬೆನ್ನು ಹತ್ತಿದ್ದ. ಎಲ್ಲವೂ ನಮ್ಮಲ್ಲಿಂದಲೇ ಹೋಯಿತೆಂದು ಬೀಗಬೇಕಾಗಿಲ್ಲ. ಅಲ್ಲದೆ ತಂಬೂರಿ ಕಡೆಗಣಿಸಬಹುದಾದ ವಾದ್ಯವೆ? ಕುದುರೆಯ ಮೇಲಿನ ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿ, ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವವರೆಗೆ ಗಾಯಕರು ಕಾಯುತ್ತಾರೆ. ಅದು ಕಿವಿಗೆ ಸಡಿಲು ಕೊಡುವ ಸದ್ದಲ್ಲ, ಕಿವಿಯನ್ನು ಬಿಗಿಗೊಳಿಸುವ ಸದ್ದು. ನನ್ನ ಸಹೋದ್ಯೋಗಿಗಳ ಮಾತು ಅರ್ಧ ಮಾತ್ರ ನಿಜ.

ಇಷ್ಟಾದರೂ ಆವರಣ ಸಂಗೀತದ ಬಗೆಗೆ ನನ್ನ ಮನಸ್ಸು ಬದಲಾದುದು ಈನೋವಿನಿಂದಲ್ಲ. ಅದೇ ಪೆನ್‌ಡ್ರೈವಿನಲ್ಲಿದ್ದ ಅಮೆರಿಕದ ವಿಲಿಯಂ ಬಸಿನ್‌ಸ್ಕಿಯ ‘ದಿ ಡಿಸಿಂಟಿಗ್ರೇಷನ್ ಲೂಪ್ಸ್’ನಿಂದ. ಅದರ ಹಿನ್ನೆಲೆ ತಿಳಿಯದೆಯೇ ಮೊದಲ ಭಾಗವನ್ನು ಕೇಳಿದೆ. ಒಂದು ಗಂಟೆ ಮೂರು ನಿಮಿಷ. ದೂರದ ಕೊಂಬಿನ ದನಿಯಂತಿರುವ, ಕೆಲವೇ ಸೆಕೆಂಡುಗಳ ಒಂದು ಸ್ವರಗುಚ್ಛ. ಅದೇ, ಅದೇ, ಮತ್ತೆ ಅದೇ. ಹತ್ತು ನಿಮಿಷ ಏನೂ ಆಗುತ್ತಿಲ್ಲವೆನಿಸಿತು. ಆಮೇಲೆ ಎಲ್ಲೋ ಒಂದು ಚೂರು ಇಲ್ಲದಂತಾಯಿತು. ಭ್ರಮೆಯೆಂದುಕೊಂಡೆ. ಮುಂದಿನ ಸುತ್ತಿನಲ್ಲೂ ಅದು ಇಲ್ಲ. ಕ್ರಮೇಣ ಸ್ವರದ ಏರು ಮಾಸಿತು, ನಡುವೆ ತೂತುಗಳು ಬಿದ್ದುವು, ಕಡೆಕಡೆಗೆ ಒಂದು ಗೊಗ್ಗರು ಸದ್ದು, ಅದರ ಹಿಂದೆ ಮೌನ. ಹುಳು ತಿಂದ ತಾಳೆಗರಿಯನ್ನು ಓದಿದವರಿಗೆ ಈ ಅನುಭವ ಹೊಸದಲ್ಲ. ಗ್ರಂಥಸಂಪಾದಕರು ಅಕ್ಷರ ಲೋಪವಾದೆಡೆಯಲ್ಲಿ ಚುಕ್ಕಿಗಳನ್ನಿಟ್ಟು ಮುಂದುವರಿಯುತ್ತಾರೆ; ಓದುವವನ ಬಾಯಿ ಛಂದಸ್ಸಿನ ಆಸರೆಯಿಂದ ಕಳೆದ ಅಕ್ಷರವನ್ನು ತಡಕುತ್ತದೆ. ಹಾಗೆಯೇ ಇಲ್ಲಿ ಉದುರಿಹೋದ ಸ್ವರವನ್ನು ನನ್ನ ಕಿವಿ ತುಂಬಿಕೊಡುತ್ತಿತ್ತು. ಕೊನೆಗೆ ನಾನು ಕೇಳುತ್ತಿದ್ದುದು ಟೇಪಿನಲ್ಲಿದ್ದುದನ್ನಲ್ಲ, ನನ್ನ ನೆನಪಿನಲ್ಲಿ ಉಳಿದುದನ್ನು.

ಹಿನ್ನೆಲೆಯನ್ನು ಆ ಹುಡುಗ ಆಮೇಲೆ ಹೇಳಿದ. 1980ರ ದಶಕದಲ್ಲಿ ರೇಡಿಯೋ ಸಂಗೀತದ ಚೂರುಗಳಿಂದ ಮಾಡಿಟ್ಟ ಟೇಪುಗಳನ್ನು ಬಸಿನ್‌ಸ್ಕಿ 2001ರ ಬೇಸಿಗೆಯಲ್ಲಿ ಹೊಸ ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದ. ಹಳೆಯ ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡಿನ ಲೇಪ ಪ್ರತಿ ಸುತ್ತಿಗೂ ಪುಡಿಪುಡಿಯಾಗಿ ಉದುರತೊಡಗಿತು. ಅವನು ಯಂತ್ರವನ್ನು ನಿಲ್ಲಿಸಲಿಲ್ಲ. ಆ ಸೆಪ್ಟೆಂಬರ್ 11ರಂದು ಅವನಿದ್ದುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮನೆಯ ಮಾಳಿಗೆಯಿಂದ, ಗೋಪುರಗಳು ಕುಸಿದೆಡೆಯ ಹೊಗೆಯನ್ನು ಬೆಳಕು ಮುಗಿಯುವವರೆಗೆ ಚಿತ್ರಿಸಿದ. 2002-03ರಲ್ಲಿ ಈ ಮುದ್ರಿಕೆಗಳು ನಾಲ್ಕು ಸಂಪುಟಗಳಾಗಿ ಹೊರಬಂದಾಗ ಆ ಚಿತ್ರವೇ ಹೊದಿಕೆಯಾಯಿತು, ಮಡಿದವರಿಗೆ ಅರ್ಪಣೆಯಾಯಿತು.

ಈಗ ಹೇಳಬೇಕಾದ ಮಾತು ಕಷ್ಟದ್ದು. ಈ ಕೃತಿಯನ್ನು ಮೆಚ್ಚಿ ಬರೆದವರಲ್ಲಿ ಬಹುಮಂದಿ ಸಂಗೀತವನ್ನು ಬಿಟ್ಟು ಆ ದಿನದ ಕಥೆಯನ್ನೇ ಬರೆಯುತ್ತಾರೆ. ದುಃಖ ದೊಡ್ಡದು, ನಿಜ. ಆದರೆ ಅದು ಹೊರಗಿನಿಂದ ಬಂದು ಕುಳಿತದ್ದು. ಟೇಪು ಉದುರಿದಾಗ ಗೋಪುರಗಳು ನಿಂತಿದ್ದುವು. ಬೇಂದ್ರೆಯವರು ಮಗುವಿನ ಸಾವಿನ ಮೇಲೆ ಬರೆದ ಕವಿತೆಯಲ್ಲಿ ಕವಿಯ ಜೀವನವೃತ್ತಾಂತ ತಿಳಿಯದವನಿಗೂ ಆ ಸಂಕಟ ತಟ್ಟುತ್ತದೆ, ಏಕೆಂದರೆ ಅದು ಮಾತಿನೊಳಗೇ ಇದೆ. ಬಸಿನ್‌ಸ್ಕಿಯ ಮೊದಲ ಭಾಗಕ್ಕೂ ನಾನು ಇದೇ ಮನ್ನಣೆ ಕೊಡುತ್ತೇನೆ: ಕಥೆ ಗೊತ್ತಿಲ್ಲದೆ ಕೇಳಿ ನಾನು ಕಲಕಿಹೋದೆ. ಮುಂದಿನ ಸಂಪುಟಗಳಿಗೆ ಆ ಮಾತು ಸಲ್ಲದು. ಅಲ್ಲಿ ಕಥೆ ಗೊತ್ತಿರುವುದರಿಂದಲೇ ಕೇಳುತ್ತೇವೆ. ಸುತ್ತು ಯಾವುದಾದರೂ ಸರಿ, ಸವೆಯುವುದನ್ನು ನೋಡಿದರಾಯಿತು ಎನ್ನುವಂತಾಗುತ್ತದೆ. 2011ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಇದನ್ನು ವಾದ್ಯವೃಂದಕ್ಕೆ ಅಳವಡಿಸಿ ನುಡಿಸಿದರು. ಟೇಪು ತಾನಾಗಿ ಕಳೆದುಕೊಂಡುದನ್ನು ಕಲಾವಿದರು ಲಿಪಿ ನೋಡಿಕೊಂಡು ಕಳೆದುಕೊಳ್ಳುವುದು! ತಾಳೆಗರಿಯ ಹುಳುವಿನ ತೂತುಗಳನ್ನು ಕಾಗದದ ಮೇಲೆ ಕತ್ತರಿಯಿಂದ ಮಾಡಿದಂತೆ ನನಗೆ ಕಂಡಿತು.

ಇತ್ತೀಚೆಗೆ ಮೊಬೈಲಿನಲ್ಲಿ ನಿದ್ದೆಗೆಂದು, ಓದಿಗೆಂದು, ಧ್ಯಾನಕ್ಕೆಂದು ಗಂಟೆಗಟ್ಟಲೆ ಹರಿಯುವ ಸದ್ದುಗಳು ಈ ಹೆಸರಿನಲ್ಲೇ ಸಿಗುತ್ತವೆ. ಕೆಲವನ್ನು ಕೇಳಿದೆ. ಬಿಟ್ಟರೂ ಸರಿ ಎಂಬ ಅರ್ಧವನ್ನು ಇವರು ಚೆನ್ನಾಗಿ ಕಲಿತಿದ್ದಾರೆ. ಕೇಳಿದರೂ ಸರಿ ಎಂಬ ಅರ್ಧ ಇವರಿಗೆ ಬೇಕಾಗಿಲ್ಲ. ಅವುಗಳಲ್ಲಿ ಕಿವಿಯಿಟ್ಟರೆ ಸಿಗುವುದು ಏನೂ ಇಲ್ಲ. ಈನೋವಿನ ಎರಡನೆಯ ಭಾಗದಲ್ಲಿ ಕಿವಿಯಿಟ್ಟಾಗಲೆಲ್ಲ ಹಿಂದೆ ಕೇಳದ ಒಂದು ಹೊಂದಾಣಿಕೆ ಸಿಗುತ್ತದೆ. ಬಸಿನ್‌ಸ್ಕಿಯಲ್ಲಿ, ಹಿಂದಿನ ಸುತ್ತಿನಲ್ಲಿದ್ದ ಒಂದು ಚೂರು ಇಲ್ಲವಾಗಿರುತ್ತದೆ. ಪರದೆ ಏಳದ ರಂಗದಲ್ಲಿ ಪರದೆಯ ಮೇಲೆಯೇ ಏನಾದರೂ ನಡೆಯಬೇಕು. ಈ ಬಗೆಯ ಸಂಗೀತದಲ್ಲಿ ನಾನು ಕೇಳುವುದು ಅಷ್ಟನ್ನೆ.

ಪೆನ್‌ಡ್ರೈವನ್ನು ಹಿಂದಿರುಗಿಸುವಾಗ ಹುಡುಗನಿಗೆ, “ಗಮನವಿಟ್ಟೇ ಕೇಳಿಬಿಟ್ಟೆನಪ್ಪ, ಏನು ಮಾಡಲಿ” ಎಂದೆ. ಅವನು ನಕ್ಕ. ಆ ಒಂದು ಗಂಟೆ ಮೂರು ನಿಮಿಷದ್ದನ್ನು ಮಾತ್ರ ಇನ್ನೊಮ್ಮೆ ಕೇಳಲೆಂದು ನನ್ನ ಬಳಿ ಉಳಿಸಿಕೊಂಡಿದ್ದೇನೆ. ಉತ್ತರಪತ್ರಿಕೆ ತಿದ್ದುವಾಗ ಅದನ್ನು ಹಾಕುವುದಿಲ್ಲ. ಕೆಂಪು ಪೆನ್ನು ಮುಂದಕ್ಕೆ ಹೋಗುವುದಿಲ್ಲ.