ಕಾರ್ಲ್‌ಟನ್ ಚಾಪ್‌ಮನ್ ಹತ್ತಿದ ಏಣಿ

ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆತನದಲ್ಲಿ 1971ರಲ್ಲಿ ಹುಟ್ಟಿ, 1995ರಿಂದ 2001ರವರೆಗೆ ಭಾರತಕ್ಕೆ ಆಡಿದ ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್‌ಮನ್ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಕೋಲ್ಕತ್ತದ ಈಸ್ಟ್ ಬೆಂಗಾಲ್ 6-2ರಿಂದ ಬಗ್ಗುಬಡಿದಾಗ ಅವರು ಹೊಡೆದ ಹ್ಯಾಟ್ರಿಕ್. ಇನ್ನೊಂದು, ದಂಡು ಪ್ರದೇಶದ ಆ ಸಮುದಾಯಕ್ಕೆ ಕಾಲ್ಚೆಂಡು ರಕ್ತದಲ್ಲೇ ಬಂದದ್ದು ಎಂಬ ವಿವರಣೆ. ಹ್ಯಾಟ್ರಿಕ್ ನಿಜ, ಆದರೆ ಅವರ ಆಟದ ತಿರುಳು ಅಲ್ಲಿಲ್ಲ. ಪಂಜಾಬಿನ ಜೆಸಿಟಿ ಕ್ಲಬ್ಬಿನಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಗೋಲು ಹೊಡೆಯುತ್ತಿದ್ದಾಗ ಮೈದಾನದ ನಡುವೆ ನಿಂತು ಆಟ ಕಟ್ಟಿದವರು ಚಾಪ್‌ಮನ್. ಮರುದಿನದ ಪತ್ರಿಕೆಯಲ್ಲಿ ಹೆಸರು ಬರದಂಥ ಕೆಲಸ ಅದು. ಮೊದಲ ರಾಷ್ಟ್ರೀಯ ಲೀಗ್ (1996-97) ಸೇರಿ ಆ ತಂಡದೊಂದಿಗೆ ಅವರು ಗೆದ್ದ ಪ್ರಶಸ್ತಿಗಳು 14.

ರಕ್ತದ ಮಾತಂತೂ ನಿಲ್ಲುವುದಿಲ್ಲ. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರ, ಆಮೇಲೆ ಸದರ್ನ್ ಬ್ಲೂಸ್ ಕ್ಲಬ್, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ, ಅಲ್ಲಿಂದ ಈಸ್ಟ್ ಬೆಂಗಾಲ್. ಹೀಗೆ ಒಂದೊಂದೇ ಮೆಟ್ಟಿಲು. ದಂಡು ಪ್ರದೇಶದ ಗಲ್ಲಿಗಳು ಆಟದ ಹುಚ್ಚು ಹಚ್ಚಿದವು ಎಂದರೆ ಒಪ್ಪೋಣ. ಹುಚ್ಚನ್ನು ಕಸುಬಾಗಿಸಿದ್ದು ಈ ಮೆಟ್ಟಿಲುಗಳು. ಇಂದಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ತಾಯಿಯ ಕಡೆಯಿಂದ ಮುಂಬೈಯ ಆಂಗ್ಲೋ-ಇಂಡಿಯನ್ ಬೇರುಳ್ಳ, ಬೆಂಗಳೂರು ಎಫ್‌ಸಿಯ ರಾಯನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದಾಗ ಎಲ್ಲರೂ ಅವರ ಅಜ್ಜನ ಕಾಲದ ಕಥೆ ತೆಗೆದರು. ಅವರ ಕಾಲು ಪಳಗಿದ್ದು ಮಾತ್ರ ಪೋರ್ಟ್ಸ್‌ಮತ್, ಫುಲ್‌ಹ್ಯಾಮ್‌ನಂಥ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ.

ಚಾಪ್‌ಮನ್ ಕಾಲದ ಭಾರತೀಯ ಫುಟ್‌ಬಾಲೇ ಸಣ್ಣದು, ಅದರಲ್ಲಿ ದೊಡ್ಡವರಾದರೆ ಏನು ಮಹಾ ಎನ್ನುವವರಿದ್ದಾರೆ. ಆಕ್ಷೇಪಕ್ಕೆ ತೂಕವಿದೆ. 1984ರ ನಂತರ 2011ರವರೆಗೆ ಭಾರತ ಏಷ್ಯಾ ಕಪ್ ಆಡಲೇ ಇಲ್ಲ, ಹಾಗಾಗಿ ಖಂಡದ ದೊಡ್ಡ ವೇದಿಕೆ ಅವರಿಗೆ ಸಿಗಲೇ ಇಲ್ಲ. ಆದರೆ ಫಿಫಾ ಪಟ್ಟಿಯಲ್ಲಿ ಭಾರತ ತನ್ನ ಅತ್ಯುತ್ತಮ 94ನೇ ಸ್ಥಾನ ಮುಟ್ಟಿದ್ದು ಅವರ ಕಾಲದಲ್ಲೇ, 1996ರ ಫೆಬ್ರುವರಿಯಲ್ಲಿ. 1997ರ ಸ್ಯಾಫ್ ಕಪ್ ಗೆದ್ದದ್ದು ಅವರ ನಾಯಕತ್ವದಲ್ಲಿ. ಕರ್ನಾಟಕಕ್ಕೆ ಅವರಿಂದ ಏನು ಬಂತು ಎಂಬುದು ಇನ್ನೊಂದು ಪ್ರಶ್ನೆ. ಒಳ್ಳೆಯ ವರ್ಷಗಳೆಲ್ಲ ಕೋಲ್ಕತ್ತ, ಪಂಜಾಬ್, ಕೊಚ್ಚಿಯ ಪಾಲಾದವು, ನಿಜ. ಅದಕ್ಕೆ ಹೊಣೆ ಆಟಗಾರನಲ್ಲ, ಮೇಲಿನ ಮೆಟ್ಟಿಲು ಕಟ್ಟದ ರಾಜ್ಯ. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬರಲು 2023ರವರೆಗೆ ಕಾಯಬೇಕಾಯಿತು.

ಆ ಮೇಲಿನ ಮೆಟ್ಟಿಲು ಈಗ ಬಂದಿದೆ, ಕೊರತೆ ಕೆಳಗಿನದು. ನಮ್ಮ ಕೊಪ್ಪಳ ಜಿಲ್ಲೆಯನ್ನೇ ನೋಡಿ. ಕೊಪ್ಪಳದಿಂದ ಹೊಸಪೇಟೆ ದಾಟಿದರೆ ತೋರಣಗಲ್ಲು. ಅಲ್ಲಿಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯ ಆವರಣದಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ. ಚಾಪ್‌ಮನ್ ಜಮ್‌ಷೆಡ್‌ಪುರದವರೆಗೆ ಹೋಗಿ ಪಡೆದದ್ದು ಗಂಗಾವತಿಯ ಹುಡುಗನಿಗೆ ನೆರೆಜಿಲ್ಲೆಯಲ್ಲೇ ಇದೆ, ಆದರೆ ಅಲ್ಲಿಯ ಬಾಗಿಲು ತಟ್ಟುವಷ್ಟು ಆಟ ಕಲಿಸುವ ಶಾಲಾ ಲೀಗು ಬೇಕು. ಕುಷ್ಟಗಿ, ಯಲಬುರ್ಗಾದ ದೈಹಿಕ ಶಿಕ್ಷಕರು ಹನ್ನೆರಡು ವರ್ಷದೊಳಗಿನ ಮಕ್ಕಳ ತಂಡ ಕಟ್ಟಲಿ. ಚೆಂಡಿಗೂ ಬಸ್ ಚಾರ್ಜಿಗೂ ಇಲಾಖೆ ದುಡ್ಡು ಕೊಡಲಿ.