ರಸಮಟ್ಟಕ್ಕೆ ಕೆಲಸವಿಲ್ಲದ ಮನೆ

ನೀರಿನ ಮೇಲಿರುವ ದೋಣಿಯಲ್ಲಿ ಕಪಾಟು ಕೂರಿಸಲು ಹೊರಟ ಬಡಗಿ ಮೊದಲು ಕೆಳಗಿಡಬೇಕಾದ ಹತ್ಯಾರು ರಸಮಟ್ಟ. ಯಾರಾದರೂ ಈ ಪಕ್ಕದಿಂದ ಆ ಪಕ್ಕಕ್ಕೆ ನಡೆದರೆ ಸಾಕು, ಗಾಜಿನೊಳಗಿನ ಗುಳ್ಳೆ ಓಡಿಬಿಡುತ್ತದೆ. ಗೋಡೆಯಾದರೂ ನೆಟ್ಟಗಿದೆಯೇ ಅಂದರೆ ಅದೂ ಇಲ್ಲ. ಸೇತುವೆಯ ಕಮಾನಿಗೆ ತಗುಲದಿರಲೆಂದು ಅದನ್ನು ಮೇಲೆ ಹೋದಂತೆ ಒಳಕ್ಕೆ ವಾಲಿಸಿರುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಗೆಳೆಯನೊಬ್ಬನ ‘ನ್ಯಾರೋಬೋಟ್’ ಎಂಬ ಸಪೂರ ದೋಣಿಮನೆಯ ಒಳಗೆಲಸಕ್ಕೆ ಕೈಜೋಡಿಸಿದ ಮೊದಲ ದಿನವೇ ಇದು ನನಗೆ ತಿಳಿಯಿತು. ಅಲ್ಲಿ ಅಳತೆಯೆಲ್ಲ ನೆಲದಿಂದ, ಮೂಲೆಮಟ್ಟ ಹಿಡಿದು. ಗೋಡೆಯ ಓರೆಗೆ ರಟ್ಟು ಒತ್ತಿ, ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಬೇಕು. ಮತ್ತೆ ಒತ್ತಿ ನೋಡಬೇಕು. ಕೂದಲೆಳೆಯಷ್ಟೂ ಸಂದು ಕಾಣದಾದಾಗ ಆ ರಟ್ಟನ್ನು ಓಕ್ ಹಲಗೆಯ ಮೇಲಿಟ್ಟು ಕೊಯ್ಯಬೇಕು. ಒಂದು ಕಪಾಟಿನ ರಟ್ಟು ಪಕ್ಕದ ಕಪಾಟಿಗೆ ಹೊಂದುವುದಿಲ್ಲ.

ಈ ದೋಣಿಗಳು ಇಷ್ಟು ಸಪೂರವಾಗಿರುವುದಕ್ಕೆ 18ನೇ ಶತಮಾನದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಕಾರಣ. ಆತ ಮಧ್ಯ ಇಂಗ್ಲೆಂಡಿನ ಕಾಲುವೆಗಳ ಲಾಕ್‌ಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ನೀರಿನ ಕಟ್ಟೆಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ಹಾಗಾಗಿ ದೋಣಿಯ ಅಗಲ ಇಂದಿಗೂ 6 ಅಡಿ 10 ಇಂಚು. ಉದ್ದ ಬೇಕಿದ್ದರೆ 70 ಅಡಿಯವರೆಗೂ ಹೋಗಬಹುದು. ಒಳಗೋಡೆ ಕಟ್ಟಿದ ಮೇಲೆ ಅಡ್ಡಕ್ಕೆ ಉಳಿಯುವುದು ಆರಡಿಯ ಆಸುಪಾಸು. ನಾಲ್ಕಡಿಯ ಮಂಚ ಹಾಕಿದರೆ ಓಡಾಡಲು ಎರಡಡಿ.

ದುಡ್ಡು ಉಳಿಸುವವರು, ಕೈಕೆಲಸದ ಆಸೆಯುಳ್ಳವರು ಎಂಜಿನ್ ಕೂರಿಸಿದ ಬರಿಯ ಉಕ್ಕಿನ ದೋಣಿ ಕೊಳ್ಳುತ್ತಾರೆ. ಉಕ್ಕಿನ ದಪ್ಪ ಸಾಮಾನ್ಯವಾಗಿ ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಚಾವಣಿಗೆ 4. ಕೊಂಡ ಮಾರನೆಯ ದಿನವೇ ಎಲ್ಲರ ಮನಸ್ಸು ಓಡುವುದು ಓಕ್ ಹಲಗೆಯ ಕಡೆಗೆ, ಹಿತ್ತಾಳೆ ಗುಬುಟಿನ ಕಡೆಗೆ. ನಾನು ಹೇಳುವುದು ಹಲಗೆಯ ಹಿಂದಿನದನ್ನು. ದೋಣಿವಾಸಿಗೆ ಕಾಲುವೆಯ ನೀರಿಗಿಂತ ದೊಡ್ಡ ವೈರಿ ಅವನ ಉಸಿರಿನ ನೀರು, ಕುದಿಯುವ ಅನ್ನದ ಹಬೆ. ಚಳಿಗಾಲದಲ್ಲಿ ಅದು ತಣ್ಣನೆಯ ಉಕ್ಕಿಗೆ ತಾಗಿ ಬೆವರಾಗಿ ಇಳಿಯುತ್ತದೆ. ರೀಪುಗಳ ನಡುವೆ ಥರ್ಮೋಕೋಲ್ ಹಾಳೆ ತುರುಕಿದರೆ ಹಾಳೆಗೂ ಉಕ್ಕಿಗೂ ನಡುವೆ ಸಂದು ಉಳಿದು, ಬೆವರು ಅಲ್ಲಿಯೇ ಕೂರುತ್ತದೆ. ಇನ್ನೊಂದು ತೊಂದರೆಯೂ ಇದೆ: ಪಿವಿಸಿ ಹೊದಿಕೆಯ ವೈರು ಥರ್ಮೋಕೋಲಿಗೆ ತಾಗಿಕೊಂಡಿದ್ದರೆ, ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕ ಹಾಳೆಗೆ ಜಾರಿ, ಕಾಲಕ್ರಮೇಣ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಉಕ್ಕಿಗೇ ಅಂಟಿಕೊಳ್ಳುವಂತೆ ಸಿಂಪಡಿಸುವ ಪಾಲಿಯುರೆಥೇನ್ ನೊರೆಯೇ ನನ್ನ ಆಯ್ಕೆ. ವೈರುಗಳು ಕೊಳವೆಯೊಳಗೇ ಓಡಲಿ.

ಇಷ್ಟೆಲ್ಲ ತಿಳಿದೂ ನಾವು ಒಂದು ಕಡೆ ಎಡವಿದೆವು. ಮಂಚಕ್ಕೆ ಅಖಂಡ ಪ್ಲೈವುಡ್ ಹಾಸಿ, ಅದರ ಮೇಲೆ ಹಾಸಿಗೆ ಹಾಕಿದೆವು. ನೋಡಲು ಬಲು ಅಚ್ಚುಕಟ್ಟು. ಜನವರಿಯಲ್ಲಿ ಹಾಸಿಗೆ ಎತ್ತಿದಾಗ ಅಡಿಯೆಲ್ಲ ಒದ್ದೆ, ಗೋಡೆಯ ಬದಿಗೆ ಕಪ್ಪು ಬೂಷ್ಟು. ಪ್ಲೈವುಡ್ ಕಿತ್ತು, ಬೆರಳು ತೂರುವಷ್ಟು ಎಡೆ ಬಿಟ್ಟು ಪೈನ್ ಪಟ್ಟಿ ಹೊಡೆದೆವು. ಮತ್ತೆ ಬೂಷ್ಟು ಬರಲಿಲ್ಲ.

ಆಗಿನಿಂದ ನನ್ನದು ಒಂದೇ ಹಟ. ದೋಣಿಯಲ್ಲಿ ಹೊಡೆದ ಪ್ರತಿ ಹಲಗೆಯೂ ಬಿಚ್ಚಲು ಬರುವಂತಿರಬೇಕು. ಮೊಳೆ ಬೇಡ, ಗೋಂದಂತೂ ಬೇಡವೇ ಬೇಡ. ಹಿತ್ತಾಳೆಯ ತಿರುಪು, ಅದರ ತಲೆಯಡಿಗೊಂದು ಹಿತ್ತಾಳೆಯ ಬಟ್ಟಲು. ಹತ್ತು ಸಲ ಬಿಚ್ಚಿ ಹಾಕಿದರೂ ಮರ ನೋಯುವುದಿಲ್ಲ. ತಿರುಪಿನ ತಲೆಯ ಗೀಟುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸಿದ ಕೆಲಸ ಕಂಡರೆ ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇಕ್ಕಟ್ಟಿನಲ್ಲಿ ಬದುಕುವ ಕಲೆ ಕಲಿಯಬೇಕೆಂದರೆ ಸ್ಟೋಕ್ ಬ್ರೂಯರ್ನ್‌ನ ಕಾಲುವೆ ಮ್ಯೂಸಿಯಮ್ಮಿಗೆ ಹೋಗಬೇಕು. 19ನೇ ಶತಮಾನದಲ್ಲಿ ರೈಲಿನ ಪೈಪೋಟಿಗೆ ಬಾಡಿಗೆ ಇಳಿದಾಗ ಎಷ್ಟೋ ದೋಣಿಗಾರರು ಹೆಂಡತಿ ಮಕ್ಕಳೊಂದಿಗೆ ದೋಣಿಗೇ ಬಂದುಬಿಟ್ಟರು. ಹಿಂಬದಿಯ ಹತ್ತಡಿಯ ಗೂಡೇ ಮನೆ. ಅಲ್ಲಿ ಕಪಾಟಿನ ಬಾಗಿಲು ಕೆಳಗಿಳಿದರೆ ಊಟದ ಮೇಜು, ಇನ್ನೊಂದು ಬಾಗಿಲು ಅಡ್ಡಕ್ಕೆ ಬಿದ್ದರೆ ಮಂಚ. ಒಳಗಿಳಿಯುವ ಮೆಟ್ಟಿಲೇ ಕಲ್ಲಿದ್ದಲ ಪೆಟ್ಟಿಗೆ. ಆ ಬಡತನವನ್ನು ನಾನು ಚೆಂದ ಎನ್ನಲಾರೆ. ಆ ಗೂಡು ಕಟ್ಟಿದ ಬಡಗಿಯ ಬುದ್ಧಿಗೆ ಮಾತ್ರ ಕೈ ಮುಗಿಯುತ್ತೇನೆ.

ಎಲ್. ಟಿ. ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ನಮ್ಮ ಆಕ್ಸ್‌ಫರ್ಡ್ ಕಾಲುವೆಯ ಬ್ಯಾನ್‌ಬರಿಯಲ್ಲಿ ‘ಕ್ರೆಸಿ’ ಎಂಬ ಹಳೆಯ ದೋಣಿಯನ್ನು ವಾಸಕ್ಕೆ ಸಜ್ಜು ಮಾಡಿಸಿದ, ಒಳಗೊಂದು ಸ್ನಾನದ ತೊಟ್ಟಿಯನ್ನೂ ಇಡಿಸಿದ. ಆ ಬದುಕಿನ ಬಗ್ಗೆ ಆತ ಬರೆದ ಪುಸ್ತಕ 1944ರಲ್ಲಿ ಬಂತು. ಎರಡು ವರ್ಷಕ್ಕೆ ಕಾಲುವೆ ಉಳಿಸುವ ಸಂಘವೇ ಹುಟ್ಟಿತು.

ನಮ್ಮ ದೋಣಿಯ ಕೆಲಸ ಮುಗಿದ ಮೇಲೂ ಅಡುಗೆಮನೆಯ ಒಂದು ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಲೆ, ಫ್ರಿಜ್ಜು, ಪಾತ್ರೆ ಎಲ್ಲ ಒಂದೇ ಪಕ್ಕಕ್ಕಿದ್ದು ದೋಣಿ ಆ ಕಡೆ ವಾಲಿತ್ತು. ಗೆಳೆಯ ಬಾಗಿಲಿಗೆ ಚಿಲಕ ತರಲು ಹೊರಟಿದ್ದ. ನಾನು ತಡೆದು, ನೆಲಹಲಗೆಯ ತಿರುಪು ಬಿಚ್ಚಿಸಿದೆ. ದೋಣಿ ಸಮವಾಗಿ ಕೂರಲೆಂದು ತಳದಲ್ಲಿ ಜೋಡಿಸಿದ್ದ ಇಟ್ಟಿಗೆಗಳನ್ನು ಇಬ್ಬರೂ ಒಂದೊಂದಾಗಿ ಆಚೆ ಪಕ್ಕಕ್ಕೆ ಸಾಗಿಸಿದೆವು. ಸುಮಾರು ನಲವತ್ತು ಇಟ್ಟಿಗೆ ಆದ ಮೇಲೆ, ಅರ್ಧ ತೆರೆದಿಟ್ಟ ಬಾಗಿಲು ತೆರೆದಲ್ಲಿಯೇ ನಿಂತಿತು.