ಹನ್ನೆರಡು ಅಂಕಗಳಲ್ಲಿ ಮಗುವಿನ ಚೇತರಿಕೆ: ಒಂದು ಅಳತೆಗೋಲಿನ ವಿಮರ್ಶೆ

ಮಗುವಿನ ತಲೆಗೆ ಪೆಟ್ಟು ಬಿದ್ದಾಗ ತಂದೆತಾಯಿಗಳು ವೈದ್ಯರನ್ನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಒಳಗೆ ರಕ್ತಸ್ರಾವವಾಗಿದೆಯೆ ಎಂಬುದು ಮೊದಲನೆಯದು. ಮಗು ಮೊದಲಿನಂತಾಗಲು ಎಷ್ಟು ದಿನ ಬೇಕು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಸಿ.ಟಿ. ಸ್ಕ್ಯಾನ್ ಇದೆ. ಯಾವ ಮಗುವಿಗೆ ಸ್ಕ್ಯಾನ್ ಬೇಕಿಲ್ಲ ಎಂದು ತಿಳಿಸುವ ನಿಯಮಗಳನ್ನೂ ಅಮೆರಿಕದ ವೈದ್ಯರು 42,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಎರಡನೆಯ ಪ್ರಶ್ನೆಗೆ ಬಹುಕಾಲ ಇದ್ದ ಉತ್ತರವೆಂದರೆ ವೈದ್ಯರ ಅಂದಾಜು. ಆ ಅಂದಾಜಿನ ಜಾಗದಲ್ಲಿ ಒಂದು ಅಂಕಪಟ್ಟಿಯನ್ನು ಇಡುವ ಪ್ರಯತ್ನ ಕೆನಡಾದಲ್ಲಿ ನಡೆಯಿತು. ಒಟ್ಟಾವಾದ ರೋಜರ್ ಝೆಮೆಕ್ ಮತ್ತು ಸಂಗಡಿಗರ ಈ ಅಧ್ಯಯನ 2016ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬೆಳಕು ಕಂಡಿತು. ಅಂಕಪಟ್ಟಿಗೆ '5ಪಿ' ಎಂದು ಹೆಸರು. ತಲೆಗೆ ಪೆಟ್ಟಾದ ಮಗು ಕೊನೆಗೆ ಮರಳುವುದು ನಿಮ್ಮ ತರಗತಿಗೇ ಆದ್ದರಿಂದ, ಈ ಪಟ್ಟಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಶಿಕ್ಷಕರೂ ತಿಳಿದಿರುವುದು ಒಳ್ಳೆಯದು.

ಮೊದಲು 'ಲಘು' ಎಂಬ ಪದವನ್ನು ನೋಡೋಣ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪಕದಲ್ಲಿ ಪೂರ್ಣ ಎಚ್ಚರವಿರುವವರಿಗೆ 15 ಅಂಕ. 13ರಿಂದ 15 ಬಂದರೆ ಪೆಟ್ಟು ಲಘು. ಎಂದರೆ ಈ ವಿಶೇಷಣ ಆ ದಿನದ ಎಚ್ಚರದ ಮಟ್ಟವನ್ನು ಕುರಿತದ್ದು. ಮುಂದಿನ ವಾರಗಳ ತಲೆನೋವನ್ನಾಗಲಿ, ಓದಿದ್ದು ತಲೆಗೆ ಹತ್ತದ ಸಂಕಟವನ್ನಾಗಲಿ ಕುರಿತದ್ದಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರ ಸ್ಕ್ಯಾನ್ ಚಿತ್ರ ಸಹಜವಾಗಿಯೇ ಇರುತ್ತದೆ. ಮಿದುಳು ಅಲುಗಿದಾಗ ನರತಂತುಗಳು ಹಿಗ್ಗುತ್ತವೆ. ಪೊಟ್ಯಾಸಿಯಂ ಅಯಾನುಗಳು ಕೋಶದಿಂದ ಹೊರಬಿದ್ದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇದನ್ನು ಸರಿಪಡಿಸಲು ಅಯಾನು ಪಂಪುಗಳು ಬಿಡುವಿಲ್ಲದೆ ದುಡಿಯುತ್ತವೆ, ಗ್ಲೂಕೋಸಿನ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ರಕ್ತದ ಹರಿವು ಇಳಿಯಬಹುದು. ಇದು ರಚನೆ ಮುರಿದದ್ದಕ್ಕಿಂತ ಹೆಚ್ಚಾಗಿ ಕೆಲಸ ಏರುಪೇರಾದ ಸ್ಥಿತಿ. ಸಿ.ಟಿ. ಇದನ್ನು ತೋರಿಸದು. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಕ್ತಪರೀಕ್ಷೆಯೂ ಬಂದದ್ದು ವಯಸ್ಕರಿಗೆ ಸ್ಕ್ಯಾನ್ ಬೇಕೇ ಬೇಡವೇ ಎಂದು ತೀರ್ಮಾನಿಸಲು. ಚೇತರಿಕೆಯ ಕಾಲವನ್ನು ಹೇಳಲು ಅಲ್ಲ. ಹಾಗಾಗಿ ಉಳಿಯುವ ದಾರಿ, ಮಗುವನ್ನೇ ಕೇಳುವುದು.

ಝೆಮೆಕ್ ತಂಡ ಮಾಡಿದ್ದು ಇದನ್ನೇ. ಒಂಬತ್ತು ಮಕ್ಕಳ ತುರ್ತು ಚಿಕಿತ್ಸಾ ವಿಭಾಗಗಳಿಗೆ, ಪೆಟ್ಟಾದ 48 ಗಂಟೆಗಳೊಳಗೆ ಬಂದ 5ರಿಂದ 17 ವರ್ಷದ 3,063 ಮಕ್ಕಳನ್ನು ಅದು ಸೇರಿಸಿಕೊಂಡಿತು. 28 ದಿನಗಳ ಬಳಿಕ 2,584 ಮಂದಿಯ ಮಾಹಿತಿ ಸಿಕ್ಕಿತು. ಅವರಲ್ಲಿ 801 ಮಕ್ಕಳಿಗೆ, ಅಂದರೆ ಶೇ. 31ರಷ್ಟು ಮಂದಿಗೆ, ಲಕ್ಷಣಗಳು ಉಳಿದಿದ್ದವು. ಯಾರಲ್ಲಿ ಉಳಿಯುತ್ತವೆ ಎಂದು ಮೊದಲ ದಿನವೇ ಊಹಿಸಲು ತಂಡ ಆರಿಸಿದ ಅಂಶಗಳು ಒಂಬತ್ತು. ವಯಸ್ಸು 8ರಿಂದ 12 ಆದರೆ 1 ಅಂಕ, 13 ಅಥವಾ ಹೆಚ್ಚಾದರೆ 2. ಹೆಣ್ಣುಮಗುವಾದರೆ 2. ಆಯಾಸಕ್ಕೆ 2. ಉಳಿದ ಆರಕ್ಕೆ ಒಂದೊಂದು: ತಲೆನೋವು, ಸದ್ದು ಸಹಿಸಲಾಗದಿರುವುದು, ಪ್ರಶ್ನೆಗೆ ನಿಧಾನವಾಗಿ ಉತ್ತರಿಸುವುದು, ವೈದ್ಯರು ಗುರುತಿಸಿದ ಮೈಗ್ರೇನ್, ಒಂದು ವಾರ ಅಥವಾ ಹೆಚ್ಚು ಕಾಡಿದ ಹಿಂದಿನ ತಲೆಪೆಟ್ಟು, ಮತ್ತು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಕಣ್ಣು ಮುಚ್ಚಿ ನಿಂತಾಗ ನಾಲ್ಕು ಅಥವಾ ಹೆಚ್ಚು ಸಲ ತಪ್ಪುವುದು. ಒಟ್ಟು 12. ಮೂರರವರೆಗೆ ಕಡಿಮೆ ಅಪಾಯ, 4ರಿಂದ 8 ಮಧ್ಯಮ, 9 ಮತ್ತು ಮೇಲೆ ಹೆಚ್ಚು.

ಇದು ಎಷ್ಟು ಚೆನ್ನಾಗಿ ಊಹಿಸುತ್ತದೆ? ಲಕ್ಷಣಗಳು ಉಳಿದ ಒಬ್ಬ ಮಗುವನ್ನೂ ಗುಣವಾದ ಒಬ್ಬ ಮಗುವನ್ನೂ ಚೀಟಿ ಎತ್ತಿ ಆರಿಸಿ ಎಂದುಕೊಳ್ಳಿ. ಇಂಥ ನೂರು ಜೋಡಿಗಳಲ್ಲಿ ಎಷ್ಟು ಸಲ ಮೊದಲನೆಯ ಮಗುವಿಗೆ ಹೆಚ್ಚು ಅಂಕ ಬರುತ್ತದೆ? ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ. ಪಟ್ಟಿ ರಚಿಸಲು ಬಳಸದ ಬೇರೆ ಮಕ್ಕಳ ಮೇಲೆ ಪರೀಕ್ಷಿಸಿದಾಗ 5ಪಿ 68 ಸಲ ಸರಿಯಾಯಿತು. ವೈದ್ಯರ ಅಂದಾಜು? 55. ನನ್ನ ಮಟ್ಟಿಗೆ ಈ ಅಧ್ಯಯನದ ಅತಿ ಮುಖ್ಯ ಸಂಖ್ಯೆ ಈ 55. ಅನುಭವಿ ವೈದ್ಯರು "ಇವನು ವಾರದಲ್ಲಿ ಸರಿಹೋಗುತ್ತಾನೆ" ಎನ್ನುವುದಕ್ಕೂ ನಾಣ್ಯಕ್ಕೂ ಹೆಚ್ಚು ಅಂತರವಿಲ್ಲ ಎಂದು ಅಚ್ಚಿನಲ್ಲಿ ಹೇಳಲು ಧೈರ್ಯ ಬೇಕು. ಆದರೆ 68 ಕೂಡ ಬೀಗುವಂಥದ್ದಲ್ಲ. ಲೇಖಕರೇ ಅದನ್ನು ಸಾಧಾರಣವೆಂದು ಕರೆದಿದ್ದಾರೆ.

ಈಗ ನೀವೇ ಒಂದು ಕೂಡುವ ಲೆಕ್ಕ ಮಾಡಿ. ಹದಿನಾಲ್ಕರ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ. ವಯಸ್ಸಿಗೆ 2, ಹೆಣ್ಣೆಂಬುದಕ್ಕೆ 2. ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ 4. ಆಕೆ ಎಷ್ಟೇ ಆರಾಮವಾಗಿರಲಿ, 'ಕಡಿಮೆ ಅಪಾಯ'ದ ಗುಂಪಿಗೆ ಸೇರುವಂತಿಲ್ಲ. ಇನ್ನು ಆರು ವರ್ಷದ ಹುಡುಗ: ತಲೆನೋವು, ಆಯಾಸ, ಮೈಗ್ರೇನ್, ಹಿಂದಿನ ಪೆಟ್ಟು ಎಲ್ಲವೂ ಇದ್ದರೂ ಅವನಿಗೆ ಸಿಗಬಹುದಾದ ಗರಿಷ್ಠ ಅಂಕ 8. 'ಹೆಚ್ಚು ಅಪಾಯ'ದ ಗುಂಪಿನ ಬಾಗಿಲು ಅವನಿಗೆ ಎಂದೂ ತೆರೆಯದು. ಇದು ಮುದ್ರಣದೋಷವಲ್ಲ. ಸಾವಿರಾರು ಮಕ್ಕಳ ಸರಾಸರಿ ಹಾಗಿದ್ದುದರಿಂದ ಅಂಕಗಳು ಹಾಗೆ ಹಂಚಿಕೆಯಾಗಿವೆ. ಆದರೆ ಸರಾಸರಿಗೆ ಹೊಂದುವುದು ಬೇರೆ, ಎದುರಿಗಿರುವ ಒಂದು ಮಗುವಿಗೆ ಹೊಂದುವುದು ಬೇರೆ. ಮೈಗ್ರೇನಿನ ಅಂಕವೂ ಹಾಗೆಯೇ. 'ವೈದ್ಯರು ಗುರುತಿಸಿದ' ಎಂಬ ಷರತ್ತಿನಿಂದಾಗಿ, ತಲೆನೋವಿಗೆಂದು ಎಂದೂ ವೈದ್ಯರ ಬಳಿ ಹೋಗದ ಮನೆಯ ಮಗುವಿಗೆ ಅಲ್ಲಿ ಸೊನ್ನೆ.

ನನ್ನ ದೊಡ್ಡ ಆಕ್ಷೇಪ ಮುನ್ಸೂಚನೆಯ ಮೇಲಲ್ಲ, ಮುನ್ಸೂಚನೆಯ ಗುರಿಯ ಮೇಲೆ. 'ಲಕ್ಷಣ ಉಳಿದಿದೆ' ಎಂದರೇನು? ಪ್ರಶ್ನಾವಳಿಯಲ್ಲಿ ಮೂರು ಅಥವಾ ಹೆಚ್ಚು ಲಕ್ಷಣಗಳು ಪೆಟ್ಟಿಗೆ ಮೊದಲಿದ್ದುದಕ್ಕಿಂತ ಹೊಸದಾಗಿ ಬಂದಿರಬೇಕು ಇಲ್ಲವೆ ಹೆಚ್ಚಾಗಿರಬೇಕು. ಎರಡೇ ಲಕ್ಷಣಗಳಿಂದ ಹಾಸಿಗೆ ಹಿಡಿದ ಮಗು ಈ ಲೆಕ್ಕದಲ್ಲಿ ಚೇತರಿಸಿಕೊಂಡದ್ದು. ಮೂರು ಲಕ್ಷಣಗಳು ತುಸುವೇ ಏರಿದ್ದರೂ ಎಂದಿನಂತೆ ಆಡುತ್ತಿರುವ ಮಗು ಚೇತರಿಸಿಕೊಳ್ಳದ್ದು. 'ಮೊದಲು ಹೇಗಿತ್ತು' ಎಂಬುದನ್ನೂ ಪೆಟ್ಟಾದ ಮೇಲೆಯೇ ನೆನಪಿನಿಂದ ಹೇಳಿಸಲಾಗಿದೆ. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಾಗ ನಿನ್ನೆಯವರೆಗಿನ ದಿನಗಳೆಲ್ಲ ಚೆನ್ನಾಗಿದ್ದವೆಂದೇ ಯಾರಿಗೂ ತೋರುತ್ತದೆ. ಅಷ್ಟೇ ಅಲ್ಲ, ಈ ಪ್ರಶ್ನಾವಳಿಗೆ ವಯಸ್ಸಿಗೆ ತಕ್ಕ ಬೇರೆ ಬೇರೆ ರೂಪಗಳಿವೆ. ಹದಿಹರೆಯದವರು ಪ್ರತಿ ಲಕ್ಷಣಕ್ಕೂ 0ಯಿಂದ 6ರವರೆಗೆ ಗುರುತು ಹಾಕಬಹುದು. 8ರಿಂದ 12ರವರಿಗೆ 0, 1, 2 ಮಾತ್ರ. ಗೆರೆಗಳು ಹತ್ತಿರ ಹತ್ತಿರವಿರುವ ಅಳತೆಪಟ್ಟಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ ಎಂದು ನೀವು ಪ್ರಯೋಗಶಾಲೆಯಲ್ಲಿ ಹೇಳಿಕೊಡುತ್ತೀರಿ ತಾನೆ? ಹಾಗಾದರೆ ವಯಸ್ಸಿಗೆ ಕೊಟ್ಟ ಅಂಕದಲ್ಲಿ ಒಂದು ಪಾಲು ಮಿದುಳಿನದಲ್ಲ, ಪಟ್ಟಿಯದೇ ಇರಬಹುದು.

ಭಾಷೆಯ ತೊಡಕೂ ಇದೆ. ಇಂಗ್ಲಿಷ್ ಪ್ರಶ್ನಾವಳಿಯ ಒಂದು ಲಕ್ಷಣ, ಮನಸ್ಸಿಗೆ ಮಂಜು ಮುಸುಕಿದಂತಾಗುವುದು. ಇದನ್ನು ನಿಮ್ಮ ಐದನೇ ತರಗತಿಯ ಮಗುವಿಗೆ ಹೇಗೆ ಕೇಳುವಿರಿ? 'ಮಂಕು ಕವಿದಿದೆಯೇ' ಎಂದರೆ ದಡ್ಡ ಎಂದಂತೆ ಆದೀತು. 'ತಲೆ ಭಾರವೇ' ಎಂದರೆ ನೆಗಡಿಯೂ ಅದರಲ್ಲಿ ಸೇರುತ್ತದೆ. ನಮ್ಮ 'ತಲೆಸುತ್ತು' ಎಂಬ ಒಂದೇ ಪದ ಕೋಣೆ ಗಿರ್ರನೆ ತಿರುಗಿದಂತಾಗುವುದಕ್ಕೂ ಹಸಿವಿನಿಂದ ಕಣ್ಣು ಕತ್ತಲಿಡುವುದಕ್ಕೂ ಬರುತ್ತದೆ. ಪದ ಬದಲಾದರೆ ಎಣಿಕೆ ಬದಲಾಗುತ್ತದೆ. ಎಣಿಕೆ ಬದಲಾದರೆ ಆ ಶೇ. 31 ಕೂಡ.

ಇನ್ನೊಂದು ಕೊರತೆ ಹೋಲಿಕೆಯ ಗುಂಪು. ಆಯಾಸ, ತಲೆನೋವು, ನಿದ್ದೆಗೇಡು, ಸಿಡುಕು ಇವು ಪರೀಕ್ಷೆಯ ತಿಂಗಳಲ್ಲಿ ಯಾವ ಪ್ರೌಢಶಾಲೆಯಲ್ಲಿಲ್ಲ? ತಲೆಗೆ ಪೆಟ್ಟಾಗದೆ ಕೈ ಮುರಿದುಕೊಂಡ ಮಕ್ಕಳಿಗೂ ಇದೇ ಪ್ರಶ್ನಾವಳಿ ಕೊಟ್ಟಿದ್ದರೆ, ಈ ಲಕ್ಷಣಗಳಲ್ಲಿ ತಲೆಪೆಟ್ಟಿಗೆ ಸೇರಬೇಕಾದ ಪಾಲೆಷ್ಟು ಎಂದು ತಿಳಿಯುತ್ತಿತ್ತು. 5ಪಿಯಲ್ಲಿ ಅದಿಲ್ಲ. ಅಂಥ ಹೋಲಿಕೆ ಮುಂದೆ ಬೇರೆ ಅಧ್ಯಯನಗಳಲ್ಲಿ ಬಂತು. ಕೆನಡಾ ಮತ್ತು ಅಮೆರಿಕದ ಮಕ್ಕಳ ಮಾಹಿತಿ ಕೂಡಿಸಿದ 2023ರ ಒಂದು ವರದಿ, ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಲಘು ತಲೆಪೆಟ್ಟಿನ ಮಕ್ಕಳಿಗೂ ಮೂಳೆ ಪೆಟ್ಟಿನ ಮಕ್ಕಳಿಗೂ ಗಣನೀಯ ವ್ಯತ್ಯಾಸವಿಲ್ಲವೆಂದು ಕಂಡಿತು. "ಪೆಟ್ಟು ಬಿದ್ದ ಮೇಲೆ ಬುದ್ಧಿ ಮಂದವಾಯಿತು" ಎಂದು ಮಗುವಿನ ಎದುರಿಗೇ ಆಡುವವರು ಇದನ್ನು ಓದಬೇಕು.

ಹಾಗಾದರೆ 5ಪಿ ನಿರುಪಯೋಗಿಯೇ? ಅಲ್ಲ. ಅಂಕ ಕಡಿಮೆಯಾದಾಗ ಅದು ಹೆಚ್ಚು ನಂಬಲರ್ಹ. 0ಯಿಂದ 3 ಬಂದ ಮಕ್ಕಳಲ್ಲಿ ಲಕ್ಷಣ ಉಳಿಯುವ ಸಂಭವ ಸುಮಾರು ಶೇ. 4ರಿಂದ 12. ಇಂಥ ಮನೆಯವರಿಗೆ ಧೈರ್ಯ ಹೇಳಿ ಕಳಿಸಬಹುದು. ಧೈರ್ಯ ಹೇಳುವುದೂ ಚಿಕಿತ್ಸೆಯೇ: ಏನೇನು ಆಗಬಹುದೆಂದು ತಿಳಿಸುವ ಕಿರುಪುಸ್ತಿಕೆ ಪಡೆದ ಮಕ್ಕಳು ಮುಂದೆ ಕಡಿಮೆ ಲಕ್ಷಣಗಳನ್ನು ಹೇಳಿಕೊಂಡರೆಂದು ಆಸ್ಟ್ರೇಲಿಯದ ಪಾನ್ಸ್‌ಫರ್ಡ್ ತಂಡ 2001ರಲ್ಲಿ ತೋರಿಸಿದೆ. 9 ದಾಟಿದರೆ ಸಂಭವ ಶೇ. 57ರಿಂದ 81; ಅವರನ್ನು ಬೇಗ ಮತ್ತೆ ನೋಡಬೇಕು. ನಡುವಿನ 4ರಿಂದ 8ರ ಮಕ್ಕಳಿಗೆ ಪಟ್ಟಿ ಹೇಳುವುದು ಅಷ್ಟಕ್ಕಷ್ಟೆ.

ಒಂಬತ್ತು ಅಂಶಗಳಲ್ಲಿ ಒಂದೂ ಪೆಟ್ಟಾದ ನಂತರ ಏನು ಮಾಡಿದಿರಿ ಎಂದು ಕೇಳುವುದಿಲ್ಲ ಎಂಬುದನ್ನೂ ಗಮನಿಸಿ. ಮೊದಲ ದಿನದ ಪಟ್ಟಿಯಾದ್ದರಿಂದ ಕೇಳಲಾರದು. ಆದರೆ ನಂತರದ ದಿನಗಳಿಗೂ ತೂಕವಿದೆ. ಕತ್ತಲೆ ಕೋಣೆಯಲ್ಲಿ ಮಲಗಿಸುವ ಸಲಹೆ ಹಿಂದೆ ಸಾಮಾನ್ಯವಾಗಿತ್ತು. 2015ರಲ್ಲಿ ಅಮೆರಿಕದ ಮಿಲ್ವಾಕೀಯಲ್ಲಿ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ ಪಡೆದವರು ಒಂದೆರಡು ದಿನ ಪಡೆದವರಿಗಿಂತ ಹೆಚ್ಚು ಲಕ್ಷಣಗಳನ್ನು ಹೇಳಿದರು. 5ಪಿ ಮಕ್ಕಳಲ್ಲೇ ಮೊದಲ ವಾರದೊಳಗೆ ಓಡಾಟ ಆರಂಭಿಸಿದವರಲ್ಲಿ ಶೇ. 24.6 ಮಂದಿಗೆ, ಆರಂಭಿಸದವರಲ್ಲಿ ಶೇ. 43.5 ಮಂದಿಗೆ ಲಕ್ಷಣ ಉಳಿದವು. ಚೆನ್ನಾಗಿದ್ದವರೇ ಬೇಗ ಎದ್ದಿರಬಹುದಲ್ಲ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ಕೆನಡಾದವರು ಅದನ್ನು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗದಲ್ಲಿ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು: ಮೂರು ದಿನಗಳ ಬಳಿಕ ಚಟುವಟಿಕೆ ಆರಂಭಿಸಲು ಹೇಳಿದವರಿಗೂ ಲಕ್ಷಣ ಹೋಗುವವರೆಗೆ ವಿಶ್ರಾಂತಿ ಹೇಳಿದವರಿಗೂ ಎರಡನೆಯ ವಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಏಳುವುದು ಹಾನಿಕರವೆಂದೂ ಕಾಣಲಿಲ್ಲ. ಮತ್ತೆ ತಲೆಗೆ ಪೆಟ್ಟು ಬೀಳುವ ಕಬಡ್ಡಿಯಂಥ ಆಟ ಮಾತ್ರ ವೈದ್ಯರ ಒಪ್ಪಿಗೆಯವರೆಗೆ ಬೇಡ.